‘ಮೀರಾ’ ಹೆಸರಿನ ಬೇರು ಒಂದೇ ಅಲ್ಲ

ಮಾನ್ಯ ಸಂಪಾದಕರೇ,

ಹೆಣ್ಣುಮಕ್ಕಳ ಹೆಸರುಗಳ ಕುರಿತು ತಮ್ಮ ಪುರವಣಿಯಲ್ಲಿ ಬಂದ ಲೇಖನವು ‘ಮೀರಾ’ ಎಂಬ ಹೆಸರು ಸಂಸ್ಕೃತದಲ್ಲಿ ಹುಟ್ಟಿ ಅಲ್ಲಿಂದ ಯುರೋಪಿಗೆಲ್ಲ ಹರಡಿತೆಂದು ಹೇಳಿದೆ. ಕೇಳಲು ಹಿತವಾಗಿದ್ದರೂ ಈ ಮಾತು ಪರಿಶೀಲನೆಗೆ ನಿಲ್ಲುವಂಥದ್ದಲ್ಲ. ಉಚ್ಚಾರ ಹೋಲುತ್ತದೆ ಎಂದಮಾತ್ರಕ್ಕೆ ಬೇರು ಒಂದೇ ಆಗಬೇಕಿಲ್ಲ. ಹಾಗೆ ನೋಡಿದರೆ ನಮ್ಮ ‘ಮೀರು’ ಕ್ರಿಯಾಪದಕ್ಕೂ ಯಾರಾದರೂ ಗಂಟು ಹಾಕಿಯಾರು!

ಸಂಸ್ಕೃತ ನಿಘಂಟುಗಳಲ್ಲಿ ‘ಮೀರ’ ಎಂದರೆ ಸಮುದ್ರ. ಆದರೂ ಮಗಳಿಗೆ ಮೀರಾ ಎಂದು ಹೆಸರಿಡುವ ಹೆಚ್ಚಿನವರ ಮನಸ್ಸಿನಲ್ಲಿರುವುದು ಸಮುದ್ರವಲ್ಲ, 16ನೆಯ ಶತಮಾನದ ಕೃಷ್ಣಭಕ್ತೆ ಮೀರಾಬಾಯಿ. ರಷ್ಯನ್ ಮೊದಲಾದ ಸ್ಲಾವಿಕ್ ಭಾಷೆಗಳನ್ನಾಡುವವರಲ್ಲಿ ಇದು ಮಿರೋಸ್ಲಾವಾದಂಥ ಹೆಸರುಗಳ ಮೊಟಕು ರೂಪ. ಅಲ್ಲಿನ ‘ಮಿರ್’ ಶಬ್ದಕ್ಕೆ ಶಾಂತಿ, ಜಗತ್ತು ಎಂಬ ಎರಡು ಅರ್ಥಗಳಿವೆ. ರಷ್ಯನ್ ಭಾಷೆಯಲ್ಲಿ ಜಗತ್ತನ್ನು ಸೂಚಿಸುವ ‘ಮಿರ್’ ಅನ್ನು ಚುಕ್ಕಿಯಿರುವ ‘ಇ’ಕಾರದಿಂದಲೂ ಶಾಂತಿಯನ್ನು ಸೂಚಿಸುವುದನ್ನು ಇನ್ನೊಂದು ‘ಇ’ಕಾರದಿಂದಲೂ ಬರೆಯುತ್ತಿದ್ದರು, 1918ರ ಲಿಪಿ ಸುಧಾರಣೆ ಚುಕ್ಕಿಯ ಅಕ್ಷರವನ್ನು ಕೈಬಿಟ್ಟ ಮೇಲೆ ಕಣ್ಣಿಗೆ ಕಾಣುತ್ತಿದ್ದ ಆ ಭೇದವೂ ಅಳಿಸಿಹೋಯಿತು. ಇನ್ನು ಯಹೂದಿ ಕುಟುಂಬಗಳಲ್ಲಿ ಮೀರಾ ಎಂಬುದು ಮಿರಿಯಮ್‌ನ ಕಿರುರೂಪವಾಗಿಯೂ ಬಳಕೆಯಲ್ಲಿದೆ.

ಲ್ಯಾಟಿನ್ನಿನ ‘ಮೀರಾ’ದ ಕಥೆ ಎಲ್ಲಕ್ಕಿಂತ ಸ್ವಾರಸ್ಯಕರ. ಅದರ ಅರ್ಥ ‘ಅಚ್ಚರಿಯವಳು’. ತಿಮಿಂಗಿಲ ನಕ್ಷತ್ರಪುಂಜದಲ್ಲಿ ಸುಮಾರು 332 ದಿನಗಳಿಗೊಮ್ಮೆ ಬೆಳಗಿ, ಮತ್ತೆ ಮಂಕಾಗುತ್ತ ಬರಿಗಣ್ಣಿಗೆ ಕಾಣದಂತಾಗುವ ನಕ್ಷತ್ರವೊಂದಕ್ಕೆ ಖಗೋಳವಿಜ್ಞಾನಿ ಹೆವೇಲಿಯಸ್ 1662ರಲ್ಲಿ ಇದೇ ಹೆಸರಿಟ್ಟರು. ಈ ಲ್ಯಾಟಿನ್ ಶಬ್ದಕ್ಕೂ ಸಂಸ್ಕೃತಕ್ಕೂ ನಂಟಿಲ್ಲವೆಂದಲ್ಲ. ಆದರೆ ಆ ನಂಟು ಲೇಖಕರು ಊಹಿಸಿದ ಕಡೆಯಲ್ಲಿಲ್ಲ. ಆ ಲ್ಯಾಟಿನ್ ಶಬ್ದವನ್ನು ಹಲವು ನಿರುಕ್ತಕಾರರು (ಶಬ್ದಗಳ ಮೂಲ ಹುಡುಕುವವರು) ಜೋಡಿಸುವುದು ನಗುವ ಅರ್ಥದ ‘ಸ್ಮಿ’ ಧಾತುವಿನೊಡನೆ, ಅಂದರೆ ನಮ್ಮ ‘ವಿಸ್ಮಯ’, ‘ಸ್ಮಿತ’ಗಳೊಡನೆ. ಆದ್ದರಿಂದ ಲ್ಯಾಟಿನ್ ಮೀರಾಳ ನೆಂಟರನ್ನು ಭಾರತದಲ್ಲಿ ಹುಡುಕುವವರು ಮೀರಾಬಾಯಿಯ ಬಳಿಗಲ್ಲ, ಸ್ಮಿತಾಳ ಮನೆಗೆ ಹೋಗಬೇಕಾಗುತ್ತದೆ.

ಎರಡು ಸಂಸ್ಕೃತಿಗಳ ತಂದೆತಾಯಿ ಮಗಳಿಗೆ ಈ ಹೆಸರನ್ನು ಆರಿಸಿಕೊಳ್ಳುವುದು ಬಹುಮಟ್ಟಿಗೆ ಎರಡೂ ಕಡೆಯ ಅಜ್ಜಿಯಂದಿರ ನಾಲಿಗೆಗೆ ಅದು ಸಲೀಸಾಗಿ ಒಗ್ಗುತ್ತದೆ ಎಂಬ ಕಾರಣಕ್ಕೆ. ಅಂಥವರಿಗೆ ಒಂದೇ ಮೂಲವನ್ನು ಗಟ್ಟಿಮಾಡಿ ಹೇಳುವ ಬದಲು, ಯಾವ ಭಾಷೆಯಲ್ಲಿ ಯಾವ ಅರ್ಥವೆಂದು ಬಿಡಿಸಿ ತೋರಿಸುವ ತಿದ್ದುಪಡಿಯೊಂದನ್ನು ಮುಂದಿನ ಸಂಚಿಕೆಯಲ್ಲಿ ಪ್ರಕಟಿಸಬೇಕೆಂದು ವಿನಂತಿ.

ಇತಿ,
ಒಬ್ಬ ಓದುಗ