ಹಂಪಿ ಹತ್ರ ಅಂದ್ರೆ ಎಲ್ಲಿ?

ಇಲ್ಲಿ ಪರದೇಶದಲ್ಲಿರೋ ನಮ್ಮ ಕನ್ನಡ ಸಂಘದ ಹೋದ ದೀಪಾವಳಿ ಕಾರ್ಯಕ್ರಮದ ಫಾರ್ಮ್‌ಗಳನ್ನ ಒಂದು ಶನಿವಾರ ರಾತ್ರಿ ಊಟದ ಟೇಬಲ್ ಮೇಲೆ ಹರಡಿಕೊಂಡು ಕೂತಿದ್ದೆ, ಯಾರು ಎಷ್ಟು ಜನ ಬರ್ತಾರೆ, ಯಾರಿಗೆ ಈರುಳ್ಳಿ ಬೆಳ್ಳುಳ್ಳಿ ಬೇಡ ಅಂತ ಲೆಕ್ಕ ಹಾಕೋ ಕೆಲಸ ನನ್ನ ತಲೆಗೇ ಬಂದಿತ್ತು. ಆ ಸಲ ಕಮಿಟಿಯವರು ಫಾರ್ಮಿನಲ್ಲಿ "ನಿಮ್ಮ ಊರು" ಅಂತ ಹೊಸದೊಂದು ಸಾಲು ಸೇರಿಸಿದ್ರು. ಮುಕ್ಕಾಲು ಪಾಲು ಜನ ಬೆಂಗಳೂರು ಅಂತ ಬರೆದು ಕೈ ತೊಳ್ಕೊಂಡಿದ್ರು. ಅದರಲ್ಲಿ ಬಸವನಗುಡಿಯಲ್ಲಿ ಹುಟ್ಟಿದವರು ಎಷ್ಟು ಜನ, ಇಂಜಿನಿಯರಿಂಗ್ ಓದೋಕೆ ಬಂದು ನಾಲ್ಕು ವರ್ಷ ಪಿಜಿಯಲ್ಲಿ ಇದ್ದವರು ಎಷ್ಟು ಜನ ಅಂತ ನನಗೆ ಚೆನ್ನಾಗಿ ಗೊತ್ತು, ಹೆಸರು ಹೇಳಲ್ಲ ಬಿಡಿ. ಕೊನೆಗೆ ನಮ್ಮ ಮನೆಯ ಫಾರ್ಮೇ ಕೈಗೆ ಬಂತು, ಅದರಲ್ಲಿ ನಮ್ಮೆಜಮಾನ್ರು ತಮ್ಮ ಕೋಳಿಕಾಲಿನ ಅಕ್ಷರದಲ್ಲಿ "ಹಂಪಿ ಹತ್ರ" ಅಂತ ಬರೆದಿದ್ರು.

ಅಲ್ರೀ, ಹಂಪಿ ಹತ್ರ ಅನ್ನೋದು ಒಂದು ಊರಿನ ಹೆಸರಾ? ಕೇಳಿದ್ದಕ್ಕೆ, "ಗಂಗಾವತಿ ಅಂದ್ರ ಪ್ರಾಣೇಶ್ ಅವರ ಊರಾ ಅಂತ ನಗ್ತಾರ, ಕೊಪ್ಪಳ ಅಂದ್ರ ಯಾರಿಗೂ ಗೊತ್ತಾಗೂದಿಲ್ಲ, ಹಂಪಿ ಹತ್ರ ಅಂದ್ರ ಮುಗೀತು ನೋಡು" ಅಂದ್ರು. ನಾನು ತುಮಕೂರಿನವಳು, ಮದುವೆಯಾಗಿ ಹದಿನೈದು ವರ್ಷದಿಂದ ಗಂಗಾವತಿಗೆ ಹೋಗಿ ಬರ್ತಾ ಇದೀನಿ, ಹೋದಾಗೆಲ್ಲಾ ಹಂಪಿ ನೋಡ್ತೀವಿ, ಆನೆಗೊಂದಿ ನೋಡ್ತೀವಿ, ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದು ಮೊಣಕಾಲಿಗೆ ಎಣ್ಣೆ ಹಚ್ಕೋತೀವಿ, ಅತ್ತೆ ಮಾಡಿದ ಒಗ್ಗರಣಿ ಮಿರ್ಚಿ ತಿಂದು ವಾಪಸ್ ಬರ್ತೀವಿ. ಊರಿಂದ ಹತ್ತು ಕಿಲೋಮೀಟರ್ ದೂರದಲ್ಲಿ, ಕೊಪ್ಪಳದ ರೋಡಿನಲ್ಲೇ, ಹಂಪಿಗಿಂತ ಒಂದೂವರೆ ಎರಡು ಸಾವಿರ ವರ್ಷ ಹಳೇದಾದ ಒಂದು ಜಾಗ ಇದೆ ಅಂತ ನನಗೆ ಗೊತ್ತಾಗಿದ್ದು ಮನೆಯವರಿಂದ ಅಲ್ಲ, ಮಗಳ ಸ್ಕೂಲ್ ಪ್ರಾಜೆಕ್ಟಿಗೆ ಯುನೆಸ್ಕೋ ಪಟ್ಟಿ ನೋಡ್ತಾ ಇದ್ದಾಗ. ತಾತ್ಕಾಲಿಕ ಪಟ್ಟಿ ಅಂತ ಒಂದಿರುತ್ತೆ, ಮುಂದೆ ವಿಶ್ವ ಪರಂಪರೆ ತಾಣ ಆಗಬಹುದಾದ ಜಾಗಗಳದು, ಅದರಲ್ಲಿ 2021ರಲ್ಲಿ ಸೇರಿದ ಹೆಸರು ಹಿರೇಬೆಣಕಲ್. ಇವರನ್ನ ಕೇಳಿದೆ. "ಹೌದು, ಹಿರೇಬೆಣಕಲ್ ಬಸ್ ಸ್ಟಾಪ್ ಐತಿ, ದಿನಾ ಕಾಲೇಜಿಗೆ ಹೋಗಬೇಕಾದ್ರ ನೋಡ್ತಿದ್ದೆ" ಅಂದ್ರು! ಬಸ್ ಸ್ಟಾಪ್ ನೋಡಿದಾರೆ, ಅದರ ಹಿಂದಿನ ಗುಡ್ಡ ಹತ್ತಿಲ್ಲ.

ಹಾಗಾಗಿ ಡಿಸೆಂಬರ್ ರಜೆಗೆ ಹೋದಾಗ ಹಠ ಹಿಡಿದು ಹೊರಟ್ವಿ. ಇವರ ಸೋದರಮಾವ, ಎಪ್ಪತ್ತು ದಾಟಿದವರು, ಭತ್ತದ ಗದ್ದೆ ಬಿಟ್ಟರೆ ಬೇರೆ ಪ್ರಪಂಚ ಇಲ್ಲ ಅವರಿಗೆ, ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕ್ತಾ "ಅಲ್ಲೇನೈತವಾ, ಬರೇ ಕಲ್ಲದಾವು. ಬಿಸಲಾಗ ಹುಡುಗೀನ ಕರ್ಕೊಂಡು ಯಾಕ ಹೊಂಟೀರಿ" ಅಂದ್ರು. ಅವರೂ ಹೋದವರಲ್ಲ. ಚಿಕ್ಕವರಿದ್ದಾಗ ದನ ಕಾಯೋ ಹುಡುಗರು ಹೇಳೋದು ಕೇಳಿದ್ರಂತೆ, ಅದು ಮೋರೇರ ಗುಡ್ಡ, ಅಲ್ಲಿ ಮೋರೇರು ಅಂತ ಮೊಣಕಾಲುದ್ದದ ಜನ ಇದ್ರು, ಅವರ ಮನೆಗಳು ಇವತ್ತಿಗೂ ಅಲ್ಲೇ ಇದಾವೆ ಅಂತ.

ಗಂಗಾವತಿಯಿಂದ ಹೊರಟ್ರೆ ರೋಡಿನ ಅರ್ಧಕ್ಕೆ ಭತ್ತ ಒಣಗೋಕೆ ಹರವಿರ್ತಾರೆ, ಕಾರಿನವರು ಉಳಿದ ಅರ್ಧದಲ್ಲಿ ಹೋಗಬೇಕು, ಯಾರೂ ಜಗಳ ಆಡಲ್ಲ. ಇಲ್ಲಿ ಇಂಡಿಯನ್ ಸ್ಟೋರಿನಲ್ಲಿ ನಾವು ಹೊತ್ಕೊಂಡು ಬರೋ ಸೋನಾ ಮಸೂರಿ ಚೀಲ ಇದೆಯಲ್ಲ, ಆ ಅಕ್ಕಿ ರಾಶಿ ರಾಶಿ ಬೆಳೆಯೋ ನಾಡು ಇದು, ಗಂಗಾವತಿ, ಕಾರಟಗಿ, ಸಿಂಧನೂರು, ಸಾಲಾಗಿ ರೈಸ್ ಮಿಲ್ಲುಗಳು. ಇದೆಲ್ಲಾ ಡ್ಯಾಮಿನ ಪುಣ್ಯ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಆಯ್ತು, ಎಡದಂಡೆ ಕಾಲುವೆ ಬಂತು, ಜೋಳ ಬೆಳೀತಿದ್ದ ಒಣ ಭೂಮಿಗೆ ನೀರು ಬಂತು. ಭತ್ತ ಮಾಡಿ ಗೊತ್ತಿದ್ದ ಆಂಧ್ರದ ರೈತರು ಬಂದು ಜಮೀನು ಕೊಂಡು ನೆಲೆಸಿದ್ರು, ಅವರು ಇಳಿದ ಜಾಗಗಳಿಗೆಲ್ಲಾ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು, ಆ ಕ್ಯಾಂಪು ಈ ಕ್ಯಾಂಪು ಅಂತ ಬಸ್ಸಿನ ಬೋರ್ಡಿನಲ್ಲೂ ಇರುತ್ತೆ, ಅಲ್ಲಿ ಚಹಾ ಅಂಗಡಿಯಲ್ಲಿ ತೆಲುಗಲ್ಲಿ ಕೇಳಿ ಕನ್ನಡದಲ್ಲಿ ದುಡ್ಡು ಕೊಡಬಹುದು. ನೀರೇ ಇಲ್ಲಿಯವರ ಜೀವ. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 33 ಗೇಟುಗಳಲ್ಲಿ ಹತ್ತೊಂಬತ್ತನೇದರ ಚೈನ್ ಕಿತ್ತು ಗೇಟೇ ಕೊಚ್ಚಿ ಹೋಯ್ತಲ್ಲ, ಆಗ ನಮ್ಮ ಮಾವನವರು ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ ಅಂತ ಅತ್ತೆ ಫೋನಲ್ಲಿ ಹೇಳಿದ್ರು. ಒಂದು ವಾರದೊಳಗೆ ತಾತ್ಕಾಲಿಕ ಗೇಟ್ ಇಳಿಸಿದ್ರು, ಆಮೇಲೆ ಮಳೆ ಬಂತು, ಸರಿ ಹೋಯ್ತು.

ಹಿರೇಬೆಣಕಲ್ ಅಂದ ಮೇಲೆ ಚಿಕ್ಕಬೆಣಕಲ್ಲೂ ಇದೆ, ಪಕ್ಕದಲ್ಲೇ. ಊರು ನೋಡೋಕೆ ಆ ಕಡೆಯ ಬೇರೆ ಊರುಗಳ ಹಾಗೇ ಇದೆ, ಕಲ್ಲಿನ ಗೋಡೆಯ ಹಳೇ ಮನೆಗಳು, ಹನುಮಪ್ಪನ ಗುಡಿ, ಕಿರಾಣಿ ಅಂಗಡಿ ಮುಂದೆ ನೇತಾಡೋ ಚಿಪ್ಸ್ ಪ್ಯಾಕೆಟ್ಟು. ಅಂಗಡಿಯಲ್ಲಿ ನೀರಿನ ಬಾಟಲಿ ತಗೊಂಡು ದಾರಿ ಕೇಳಿದ್ದಕ್ಕೆ ಅಂಗಡಿ ಅಕ್ಕ "ಒಬ್ಬೊಬ್ರ ಹೋಗಬ್ಯಾಡ್ರಿ, ಕರಡಿ ಅದಾವು" ಅಂತ ಹೇಳಿ ತನ್ನ ತಮ್ಮನ್ನೇ ಕಳಿಸಿಕೊಟ್ಟಳು, ಕಾಲೇಜ್ ಹುಡುಗ, ಕಾಲಿಗೆ ಹವಾಯಿ ಚಪ್ಪಲಿ, ಕಿವಿಯಲ್ಲಿ ಇಯರ್ ಫೋನ್. ನಾವು ದುಡ್ಡು ಕೊಟ್ಟು ತಗೊಂಡ ಟ್ರೆಕ್ಕಿಂಗ್ ಶೂ ಹಾಕ್ಕೊಂಡು ಅವನ ಹಿಂದೆ ಏದುಸಿರು ಬಿಡ್ತಾ ಹೋದ್ವಿ. ಮುಕ್ಕಾಲು ಗಂಟೆ ಅಂದಿದ್ದ, ನಮಗೆ ಒಂದೂಕಾಲು ಗಂಟೆ ಆಯ್ತು. ದಾರಿ ಅಂದ್ರೆ ದಾರಿಯಲ್ಲ, ಬಂಡೆ ಮೇಲೆ ಬಂಡೆ, ಮಧ್ಯೆ ಮುಳ್ಳಿನ ಪೊದೆ, ಅಲ್ಲಲ್ಲಿ ಬಾಣದ ಗುರುತು. ದಾರಿಯಲ್ಲಿ ಒಂದು ಬಂಡೆಯ ಕೆಳಗೆ ನುಸುಳಿ ತಲೆ ಎತ್ತಿ ನೋಡಿದ್ರೆ ಕೆಂಪು ಬಣ್ಣದ ಚಿತ್ರಗಳು, ಕೈ ಕೈ ಹಿಡಿದು ಸಾಲಾಗಿ ಕುಣಿಯೋ ಜನ, ಜಿಂಕೆ, ಆಯುಧ ಹಿಡಿದವರು. ಕೆಮ್ಮಣ್ಣಿನ ಬಣ್ಣ, ಅಷ್ಟು ಕಾಲದ್ದು. ಪಕ್ಕದಲ್ಲೇ ಸುಣ್ಣದಲ್ಲಿ ಯಾರೋ ಬರೆದ ಹಾರ್ಟು ಮತ್ತೆ ಎರಡು ಇನಿಷಿಯಲ್ಲು.

ಮೇಲೆ ಬಂದು ಆ ಬಯಲು ಕಂಡಾಗ ನಾವು ಮೂವರೂ ಮಾತು ನಿಲ್ಲಿಸಿದ್ವಿ. ಒಂದು ಊರೇ ಇದೆ ಅಲ್ಲಿ. ಕಲ್ಲಿನ ಚಪ್ಪಡಿಗಳನ್ನ ನಿಲ್ಲಿಸಿ, ಮೇಲೊಂದು ಚಪ್ಪಡಿ ಮುಚ್ಚಿದ ಮನೆಗಳು, ಕೆಲವು ಸೊಂಟದೆತ್ತರ, ಕೆಲವು ಇವರಿಗಿಂತಲೂ ಎತ್ತರ, ಇವರು ಆರಡಿ ಇದಾರೆ. ಬೀದಿಯ ಹಾಗೆ ಸಾಲುಗಳು. ಎಲ್ಲಾ ಸೇರಿ ಸುಮಾರು 400 ಇದಾವೆ ಅಂತ ಲೆಕ್ಕ, ಬಿದ್ದಿದ್ದು ನಿಂತಿದ್ದು ಎಲ್ಲಾ ಹಿಡಿದು, ಸುಮಾರು 50 ಎಕರೆ ಜಾಗದಲ್ಲಿ. ಕ್ರಿಸ್ತಪೂರ್ವ 800ರಿಂದ 200ರ ತನಕದ ಕಾಲದ್ದು ಅಂತ ಹೇಳ್ತಾರೆ, ಅಂದ್ರೆ ಕಬ್ಬಿಣ ಕಾಯಿಸಿ ಬಡಿಯೋದು ಕಲಿತ ಜನ. ಬದುಕೋ ಮನೆಗಳಲ್ಲ ಇವು, ಸತ್ತವರಿಗಾಗಿ ಕಟ್ಟಿದ್ದು. ಇವುಗಳ ಬಗ್ಗೆ ನಮ್ಮವರೇ ಆದ ಪುರಾತತ್ವ ವಿದ್ವಾಂಸ ಅ. ಸುಂದರ ಅವರು ಉತ್ತರ ಕರ್ನಾಟಕವೆಲ್ಲಾ ಅಲೆದು ಕೆಲಸ ಮಾಡಿದಾರೆ. ಅವರಿಗೂ ಬಹಳ ಮುಂಚೆ 1835ರಲ್ಲೇ ಇದನ್ನ ನೋಡಿ ಬರೆದಿಟ್ಟವನು ನಿಜಾಮರ ಕೆಲಸದಲ್ಲಿದ್ದ ಮೆಡೋಸ್ ಟೇಲರ್, ಮುಂದೆ ಸುರಪುರದಲ್ಲಿ ಇದ್ದನಲ್ಲ, ಅದೇ ಟೇಲರ್ ಸಾಹೇಬ. ಕೊಪ್ಪಳ ಸೀಮೆ 1956ರಲ್ಲಿ ರಾಜ್ಯ ಒಂದಾಗೋ ತನಕ ಹೈದರಾಬಾದಿಗೇ ಸೇರಿತ್ತು.

ನಾನು ಒಂದು ಮನೆಯ ಮುಂದೆ ಸುಮ್ಮನೆ ಕೂತೆ. ಮುಂದಿನ ಚಪ್ಪಡಿಯಲ್ಲಿ ಒಂದು ದುಂಡನೆ ಕಿಂಡಿ ಇದೆ, ಅಡ್ಡ ಒಂದೂವರೆ ಅಡಿ ಇರಬಹುದು. ಕೈ ಹಾಕಿ ಅದರ ಅಂಚು ಸವರಿದೆ. ಗ್ರಾನೈಟ್ ಕಲ್ಲು, ಈಗಿನ ಕಾಲದಲ್ಲೂ ಅದನ್ನ ಕೊಯ್ಯೋಕೆ ಮಿಷನ್ನಿಗೆ ಕರೆಂಟು ನೀರು ಎರಡೂ ಬೇಕು. ಆ ಅಂಚು ಒಳಗಡೆ ಕಡೆ ನುಣ್ಣಗೆ, ಹೊರಗಡೆ ಸ್ವಲ್ಪ ಒರಟು, ಒಂದು ಕಡೆ ಯಾಕೋ ಕೈ ಜಾರಿದ ಹಾಗೆ ವೃತ್ತ ಸ್ವಲ್ಪ ಸೊಟ್ಟ. ಯಾರೋ ಒಬ್ಬ ಎಷ್ಟು ದಿನ ಕೂತು ಕುಟ್ಟಿರಬೇಕು, ಆ ಸೊಟ್ಟ ಕಂಡು ಅವನಿಗೆ ಯಾರಾದ್ರೂ ಬೈದಿರಬೇಕು ಅಂತೆಲ್ಲಾ ಅನಿಸ್ತು. ಬಿಸಿಲಿಗೆ ಹೊರಗಿನ ಕಲ್ಲು ಮುಟ್ಟೋಕಾಗ್ತಿರಲಿಲ್ಲ, ಕಿಂಡಿಯೊಳಗೆ ಕೈ ಇಟ್ರೆ ತಣ್ಣಗೆ, ಹಳೇ ಮನೆಯ ಉಗ್ರಾಣದ ಹಾಗೆ. ನಮ್ಮ ಮಗಳು ಎಂಟು ವರ್ಷದವಳು, ನಾನು ಬೇಡ ಅನ್ನೋದರೊಳಗೆ ತಲೆ ತೂರಿಸಿ ಒಳಗೆ ಹೋಗಿ ಕೂತೇ ಬಿಟ್ಟಳು, ಒಳಗಿಂದ "ಅಮ್ಮಾ, ಇಲ್ಲಿ ಏಸಿ ಇದೆ" ಅಂತ ಕೂಗಿದಳು. ನನಗೆ ಎದೆ ಧಸಕ್ ಅಂತು, ಎಷ್ಟಾದ್ರೂ ಸಮಾಧಿ ಅಲ್ವಾ. ಆ ಹುಡುಗ ನಕ್ಕು "ಏನೂ ಆಗಂಗಿಲ್ರಿ ಅಕ್ಕಾರ, ನಾವೆಲ್ಲಾ ಮಳಿ ಬಂದ್ರ ಇದರಾಗ ಕುಂಡ್ರತೀವಿ" ಅಂದ.

ಮೋರೇರು ಅಂದ್ರೆ ಮೌರ್ಯರು ಇರಬಹುದಾ ಅಂತ ಇವರಿಗೆ ಅನುಮಾನ ಬಂತು. ಸುಮ್ಮನೆ ಬಂದ ಅನುಮಾನ ಅಲ್ಲ, ಕೊಪ್ಪಳದ ಗವಿಮಠದಲ್ಲಿ ಮತ್ತೆ ಪಾಲ್ಕಿಗುಂಡಿನಲ್ಲಿ ಅಶೋಕನ ಶಾಸನಗಳಿವೆ, 1931ರಲ್ಲಿ ಸಿಕ್ಕಿದ್ದು, ಇನ್ನೊಂದು ಕಡೆ ಮಸ್ಕಿಯಲ್ಲಿ 1915ರಲ್ಲಿ ಸಿಕ್ಕಿದ ಶಾಸನದಲ್ಲಂತೂ ಅಶೋಕ ಅಂತ ಹೆಸರೇ ಇದೆ. ಹೆಸರು ಕೂಡಿ ಬರುತ್ತೆ, ಜಾಗ ಕೂಡಿ ಬರುತ್ತೆ, ಆದ್ರೆ ಲೆಕ್ಕ ಕೂಡಲ್ಲ. ಅಶೋಕ ಕ್ರಿಸ್ತಪೂರ್ವ ಮೂರನೇ ಶತಮಾನದವನು, ಅವನ ಅಜ್ಜ ಚಂದ್ರಗುಪ್ತ ಹುಟ್ಟೋಕೆ ನಾನೂರು ವರ್ಷ ಮುಂಚೆನೇ ಇಲ್ಲಿ ಕಲ್ಲು ಏಳೋಕೆ ಶುರುವಾಗಿತ್ತು. ನನ್ನ ಕೇಳಿದ್ರೆ ಆ ದನ ಕಾಯೋ ಹುಡುಗರ ಕತೆಯೇ ಚೆನ್ನಾಗಿದೆ. ಮೂರಡಿ ಮನೆ ನೋಡಿದವರು ಮೂರಡಿ ಜನ ಇದ್ರು ಅಂದ್ಕೊಂಡ್ರು. ನಮ್ಮ ಫ್ಲಾಟಿನ ಬಾಲ್ಕನಿ ನೋಡಿದ್ರೆ ಮುಂದಿನವರು ನಮ್ಮ ಬಗ್ಗೆ ಏನಂದ್ಕೋತಾರೋ.

ಬಯಲಿನ ಪಕ್ಕದಲ್ಲಿ ಒಂದು ಕೆರೆ ಇದೆ, ಕಲ್ಲು ತೆಗೆದ ಗುಂಡಿಯೇ ಕೆರೆ ಆಗಿದ್ದಂತೆ. ಹತ್ತಿರದಲ್ಲಿ ಒಂದು ಎತ್ತರದ ಬಂಡೆ, ಅದರ ನೆತ್ತಿ ಮೇಲೆ ಬೋರಲು ಹಾಕಿದ ಹರಿವಾಣದ ಹಾಗೆ ಒಂದು ಕಲ್ಲು, ಅದೇ ನಗಾರಿ ಕಲ್ಲು. ಅಡ್ಡ ಆರೂವರೆ ಅಡಿ, ಬಂಡೆಯ ಎತ್ತರ ಮೂವತ್ತು ಅಡಿ. ಅದನ್ನ ಬಡಿದ್ರೆ ಒಂದು ಕಿಲೋಮೀಟರ್ ತನಕ ಕೇಳುತ್ತೆ ಅಂತಾರೆ, ಯಾರಾದ್ರೂ ಸತ್ತಾಗ ಬಡೀತಿದ್ರೋ, ಶತ್ರು ಬಂದಾಗ ಬಡೀತಿದ್ರೋ. ನಾವು ಹತ್ತೋದು ಅಷ್ಟರಲ್ಲೇ ಇತ್ತು. ಹುಡುಗ ಹವಾಯಿ ಚಪ್ಪಲಿ ಕೆಳಗೆ ಬಿಟ್ಟು ಹಲ್ಲಿ ಹಾಗೆ ಮೇಲೆ ಹೋಗಿ, ಅಲ್ಲೇ ಬಿದ್ದಿದ್ದ ಕಟ್ಟಿಗೆ ತುಂಡಿನಿಂದ ಎರಡು ಸಲ ಬಡಿದ. ಮೊದಲನೇ ಸಲ ಏನೂ ಅನಿಸಲಿಲ್ಲ, ಎರಡನೇ ಸಲ ಆ ಸದ್ದು ಕಿವಿಗಿಂತ ಹೊಟ್ಟೆಗೆ ಕೇಳಿಸ್ತು. ಹಾಗೆಲ್ಲಾ ಬಡೀಬಾರದು ಅಂತ ಆಮೇಲೆ ಅನಿಸ್ತು, ಹೇಳಲಿಲ್ಲ, ಇನ್ನೊಂದು ಸಲ ಬಡಿ ಅನ್ನೋ ಆಸೆ ಬಾಯಿ ತನಕ ಬಂದಿತ್ತು.

ಹೊಟ್ಟೆ ಉರಿಯೋದೂ ಇದೆ. ಎಷ್ಟೋ ಮನೆಗಳ ನೆಲ ಅಗೆದು ಹಾಕಿದಾರೆ, ನಿಧಿ ಸಿಗುತ್ತೆ ಅಂತ. ಮುಚ್ಚಿದ ಚಪ್ಪಡಿ ಎತ್ತಿ ಬಿಸಾಕಿದಾರೆ. ಸಂರಕ್ಷಿತ ಸ್ಮಾರಕ ಅಂತ ಬೋರ್ಡ್ ಕೆಳಗಿದೆ, ಮೇಲೆ ನಾವಿದ್ದ ಮೂರು ಗಂಟೆಯಲ್ಲಿ ಒಬ್ಬರೂ ಬರಲಿಲ್ಲ. ಅದೇ ದಿನ ಅಂಜನಾದ್ರಿಯ ಹತ್ರ ಹನುಮ ಮಾಲೆ ಹಾಕಿದವರ ಗಾಡಿ ಸಾಲು ಕಣ್ಣಿಗೆ ಕಾಣೋ ತನಕ ನಿಂತಿತ್ತು. ಅಲ್ಲಿ ಹೋಗಬೇಡಿ ಅಂತಲ್ಲ, ನಾವೂ ಹೋಗ್ತೀವಿ, ಅದರಲ್ಲಿ ನೂರಕ್ಕೆ ಒಬ್ಬರು ಈ ಕಡೆ ತಿರುಗಿದ್ರೂ ಅಂಗಡಿ ಅಕ್ಕನ ತಮ್ಮನಿಗೆ ಬೆಂಗಳೂರಿಗೆ ಡೆಲಿವರಿ ಕೆಲಸಕ್ಕೆ ಹೋಗೋದು ತಪ್ಪುತ್ತೆ. ಡಿಗ್ರಿ ಮುಗಿದ ಮೇಲೆ ಅದೇ ಪ್ಲಾನ್ ಅಂತೆ ಅವನದು.

ಮೇಲಿಂದ ನೋಡಿದ್ರೆ ಒಂದು ಕಡೆ ಕೊಯ್ದ ಗದ್ದೆಯ ಹುಲ್ಲಿನ ಬಣ್ಣ, ನಡುನಡುವೆ ಎರಡನೇ ಬೆಳೆಗೆ ಬಿಟ್ಟ ಸಸಿ ಮಡಿಯ ಹಸಿರು, ಇನ್ನೊಂದು ಕಡೆ ಬರೀ ಬಂಡೆಗಳ ಗುಡ್ಡ. ಆ ಗುಡ್ಡಗಳ ಸಾಲಿನಲ್ಲೇ ಹೇಮಗುಡ್ಡ ಇದೆ, ಕುಮಾರರಾಮನ ಕುಮ್ಮಟದುರ್ಗದ ಸೀಮೆ, ದಿಲ್ಲಿಯ ಸೈನ್ಯ ಬಂದು 1327ರಲ್ಲಿ ಮುಗಿಸಿದ ಕತೆ. ಅದಾಗಿ ಹತ್ತು ವರ್ಷದೊಳಗೆ ವಿಜಯನಗರ ಎದ್ದಿತು. ಇತ್ತ ಕೊಪ್ಪಳದ ಕಡೆ ಕಿನ್ನಾಳದ ಗೊಂಬೆ, ಇಟಗಿಯ 1112ರ ಮಹಾದೇವ ಗುಡಿ, ಕುಕನೂರಿನ ನವಲಿಂಗ. ಇದನ್ನೆಲ್ಲಾ ಬರೆಯೋಕೆ ಹೋದ್ರೆ ಸುದ್ದಿಪತ್ರ ಸಾಲಲ್ಲ. ಒಂದು ಮಾತು ಮಾತ್ರ ಹೇಳ್ತೀನಿ, ಕವಿರಾಜಮಾರ್ಗದಲ್ಲಿ ಕನ್ನಡದ ತಿರುಳು ಎಲ್ಲಿದೆ ಅಂತ ನಾಲ್ಕು ಊರು ಹೇಳ್ತಾರಲ್ಲ, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಅದರಲ್ಲಿ ಆ ಕೊಪಣವೇ ಈ ಕೊಪ್ಪಳ. ಈ ಸಂಘಕ್ಕೆ ಬಂದ ಹೊಸದರಲ್ಲಿ ಇವರ ಭಾಷೆ ಕೇಳಿ "ನಿಮ್ಮದು ಪ್ಯೂರ್ ಕನ್ನಡ ಅಲ್ಲ ಅಲ್ವಾ" ಅಂತ ಒಬ್ಬರು ಅಂದಿದ್ರು. ತುಮಕೂರಿನವಳಾದ ನಾನೂ ಆಗ ನಕ್ಕಿದ್ದೆ, ಒಪ್ಕೋತೀನಿ.

ಮುಂದಿನ ಸಂಚಿಕೆಗೆ ನಿಮ್ಮ ನಿಮ್ಮ ಊರಿನ ಬಗ್ಗೆ ಎರಡು ಪುಟ ಬರೆದು ಕಳಿಸಿ. ಬೆಂಗಳೂರು ಬೇಡ, ಅಪ್ಪನ ಊರಾದ್ರೂ ಸರಿ ಅಜ್ಜಿಯ ಊರಾದ್ರೂ ಸರಿ, ಫೋಟೋ ಇದ್ರೆ ಒಳ್ಳೇದು. ಕೈಯಲ್ಲಿ ಬರೆದು ಫೋಟೋ ತೆಗೆದು ಕಳಿಸಿದ್ರೂ ನಾನೇ ಟೈಪ್ ಮಾಡ್ಕೋತೀನಿ. ಈ ಸಂಚಿಕೆ ಎರಡು ವಾರ ತಡ ಆಗಿದ್ದಕ್ಕೆ ಬೈಬೇಡಿ, ಫಾಂಟ್ ಕೈ ಕೊಟ್ಟಿತ್ತು, ಒತ್ತಕ್ಷರ ಎಲ್ಲಾ ಬೇರೆ ಬೇರೆ ಆಗಿ ಕೂತಿದ್ವು.

ಯುಗಾದಿಯ ಫಾರ್ಮ್ ಬಂತು. ನಮ್ಮೆಜಮಾನ್ರು ಈ ಸಲ ಊರಿನ ಸಾಲಿನಲ್ಲಿ ಅದೇ ಕೋಳಿಕಾಲಿನ ಅಕ್ಷರದಲ್ಲಿ "ಹಿರೇಬೆಣಕಲ್ ಹತ್ರ" ಅಂತ ಬರೆದು ಕಳಿಸಿದ್ರು. ಮಾರನೇ ದಿನ ನಮ್ಮ ಖಜಾಂಚಿಗಳ ಫೋನು, ಏನಮ್ಮಾ ಇದು, ಹಿರೇ ಏನೋ ಬರೆದಿದಾರೆ, ಎಲ್ಲಿ ಬರುತ್ತೆ ಇದು ಅಂತ. ನಾನು ಒಗ್ಗರಣೆ ಹಾಕ್ತಾ ಇದ್ದೆ, ಸಾಸಿವೆ ಸಿಡೀತಾ ಇತ್ತು, ಅವಸರದಲ್ಲಿ ಬಾಯಿಗೆ ಬಂದಿದ್ದು ಹೇಳಿಬಿಟ್ಟೆ, "ಹಂಪಿ ಹತ್ರ ಸಾರ್."