ಭಾನುವಾರದ ಕಿಡ್ನಿ ಟೆಸ್ಟ್: ಸ್ಟೆರಾಯ್ಡ್ ಸೈಕಲ್ ಹಾಕಿದವರು ಓದಿ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 7ಕ್ಕೆ ಜಿಮ್‌ನಲ್ಲೇ ರಕ್ತ, ಮೂತ್ರದ ಸ್ಯಾಂಪಲ್ ತಗೋತಾರೆ. ಡೆಕಾ, ಟ್ರೆನ್, ಟೆಸ್ಟೊ ಥರದ ಮಾಂಸಖಂಡ ಬೆಳೆಸುವ ಸ್ಟೆರಾಯ್ಡ್ ವರ್ಷಗಟ್ಟಲೆ ಹಾಕಿದವರು ತಪ್ಪಿಸಬೇಡಿ.

ರಕ್ತದ ಕ್ರಿಯಾಟಿನಿನ್ (ಮಾಂಸಖಂಡದಿಂದ ಬರುವ, ಕಿಡ್ನಿ ಸೋಸಿ ಹೊರಹಾಕುವ ತ್ಯಾಜ್ಯ) ಒಂದನ್ನೇ ನಂಬಬೇಡಿ. ಮಾಂಸಖಂಡ ಹೆಚ್ಚಿದ್ದರೆ, ಕ್ರಿಯಾಟಿನ್ ಪೌಡರ್ ಕುಡಿದರೆ ಅದು ಹಾಗೇ ಏರುತ್ತೆ. ಅದಕ್ಕೇ ಮಾಂಸಖಂಡದ ಪ್ರಭಾವ ಕಡಿಮೆ ಇರುವ ಸಿಸ್ಟಾಟಿನ್ ಸಿ ರಕ್ತ ಪರೀಕ್ಷೆ ಮತ್ತು ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ (ಅಲ್ಬುಮಿನ್ ರಕ್ತದ ಒಂದು ಪ್ರೊಟೀನ್) ಬರೆಸಿದ್ದೇವೆ. ಅನುಪಾತ 30 mg/g ದಾಟಿದರೆ ಕಿಡ್ನಿಯ ಸೋಸುವ ಜಾಲರಿಯಿಂದ ಪ್ರೊಟೀನ್ ಸೋರುತ್ತಿರಬಹುದು; ಮತ್ತೊಮ್ಮೆ ಟೆಸ್ಟ್ ಮಾಡಿಸಿ ಖಚಿತ ಮಾಡಿಕೊಳ್ಳಬೇಕು. 2010ರಲ್ಲಿ ಪ್ರಕಟವಾದ ನ್ಯೂಯಾರ್ಕ್ ವರದಿಯ, ಸ್ಟೆರಾಯ್ಡ್ ಹಾಕಿದ್ದ 10 ಬಾಡಿಬಿಲ್ಡರ್‌ಗಳಲ್ಲಿ 9 ಮಂದಿಗೆ ಆ ಜಾಲರಿಯಲ್ಲೇ ಕಲೆಗಟ್ಟಿತ್ತು.

ಶುಕ್ರವಾರದಿಂದ ಹೆವಿ ಲಿಫ್ಟಿಂಗ್ ಬೇಡ, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆಯೂ ಬೇಡ. ಬೆಳಗಿನ ಮೊದಲ ಮೂತ್ರ ತನ್ನಿ. ನೊರೆ ನಿಲ್ಲದಿದ್ದರೆ, ಪಾದ ಊದಿದ್ದರೆ, ಬಿಪಿ 140/90 ದಾಟಿದ್ದರೆ ಭಾನುವಾರದವರೆಗೂ ಕಾಯದೆ ನೆಫ್ರಾಲಜಿಸ್ಟ್ (ಕಿಡ್ನಿ ಡಾಕ್ಟರ್) ಹತ್ತಿರ ಹೋಗಿ. ಏನೇನು ಹಾಕಿದ್ದೀರಿ ಅಂತ ಡಾಕ್ಟರಿಗೆ ಮುಚ್ಚಿಡಬೇಡಿ.

ಬರೋರು ಗುರುವಾರದೊಳಗೆ ಹೆಸರು ಹಾಕಿ. ಗ್ರೂಪಲ್ಲಿ ಮುಜುಗರ ಅನ್ನಿಸಿದರೆ ಅಡ್ಮಿನ್‌ಗೆ ನೇರ ಮೆಸೇಜ್ ಮಾಡಿ.