ಪ್ಲೇ ಇನ್ ತಲುಪುವುದೇ ಬುಲ್ಸ್ ಗುರಿಯಾಗಬಾರದು

ಮಾನ್ಯ ಸಂಪಾದಕರೇ,

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2025-26ರ ಸೀಸನ್ ಶುರುವಾಗುವ ಈ ಹೊತ್ತಿನಲ್ಲಿ ತಮ್ಮ ಕ್ರೀಡಾ ಪುಟದಲ್ಲಿ ಬಂದ ಮುನ್ನೋಟ ಲೇಖನವನ್ನು ಓದಿದೆ. ಶಿಕಾಗೊ ಬುಲ್ಸ್ ಸತತ ಮೂರು ವರ್ಷ ಪ್ಲೇ ಇನ್ (ಪ್ಲೇಆಫ್, ಅಂದರೆ ಪ್ರಶಸ್ತಿ ಸುತ್ತಿನ, ಕೊನೆಯ ಸ್ಥಾನಗಳಿಗಾಗಿ ನಡೆಯುವ ಅರ್ಹತಾ ಪಂದ್ಯಗಳ) ಹಂತ ತಲುಪಿದ್ದು ಸಣ್ಣ ಸಾಧನೆಯಲ್ಲ, ಇರುವ ತಂಡವನ್ನು ಕೆಡಿಸದೆ ಈ ಸಲ ಪ್ಲೇಆಫ್‌ಗೆ ಪ್ರಯತ್ನಿಸುವುದೇ ಜಾಣತನ ಎಂದು ಲೇಖಕರು ಹೇಳಿದ್ದಾರೆ. ನನಗೆ ಇದು ಸರಿಯೆನಿಸಲಿಲ್ಲ. ಮೈಕೆಲ್ ಜೋರ್ಡನ್ ಕಾಲದಿಂದ ಈ ತಂಡವನ್ನು ಪ್ರೀತಿಸಿಕೊಂಡು ಬಂದ ನನ್ನಂಥ ಸಾವಿರಾರು ಜನ ಕರ್ನಾಟಕದಲ್ಲಿದ್ದಾರೆ. ನಮ್ಮ ಕಾಲೇಜುಗಳ ಸಿಮೆಂಟ್ ಕೋರ್ಟ್‌ಗಳಲ್ಲಿ ಇಂದಿಗೂ ಜೋರ್ಡನ್ ಅವರ 23ನೇ ನಂಬರಿನ ಕೆಂಪು ಬನಿಯನ್ ಕಾಣುತ್ತದೆ. ಆ ಬನಿಯನ್ ತೊಟ್ಟ ಹುಡುಗರಿಗೆ ಒಂಬತ್ತನೇ ಸ್ಥಾನವನ್ನು ಸಾಧನೆಯೆಂದು ತೋರಿಸಬಾರದು.

ಮೊದಲು ಲೆಕ್ಕ ನೋಡೋಣ. 2022-23ರಲ್ಲಿ 40 ಗೆಲುವು, 42 ಸೋಲು. ಮರುವರ್ಷ 39-43. ಅದರ ಮರುವರ್ಷ ಮತ್ತೆ 39-43. ಮೂರೂ ಸಲ ಪ್ಲೇ ಇನ್‌ನಲ್ಲಿ ಹೊರಬಿದ್ದದ್ದು ಒಂದೇ ತಂಡದ ಕೈಯಲ್ಲಿ, ಮಯಾಮಿ ಹೀಟ್. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಈ ಮೂರು ವರ್ಷಗಳ ಫಲವಾಗಿ ಒದಗಿದ ಸ್ಥಾನಗಳು 11, 11 ಮತ್ತು 12. ಅದರಲ್ಲಿ ಮೊದಲನೆಯದು ಬುಲ್ಸ್‌ಗೆ ದಕ್ಕಲೂ ಇಲ್ಲ, ಹಳೆಯ ಒಪ್ಪಂದದ ಪ್ರಕಾರ ಒರ್ಲಾಂಡೊ ತಂಡದ ಪಾಲಾಯಿತು. ಪ್ಲೇಆಫ್ ಆಡುವಷ್ಟು ಗಟ್ಟಿಯಲ್ಲ, ಒಳ್ಳೆಯ ಹೊಸ ಆಟಗಾರ ಸಿಗುವಷ್ಟು ಕೆಳಗೂ ಇಲ್ಲ. ಎನ್‌ಬಿಎಯಲ್ಲಿ ಇದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಅದೇಕೆ ಎಂಬುದನ್ನು ಈ ಲೀಗನ್ನು ಹೊಸದಾಗಿ ನೋಡುತ್ತಿರುವ ಓದುಗರಿಗಾಗಿ ಹೇಳಬೇಕು. ಅಲ್ಲಿ ಹಣವಿದೆ ಎಂದ ಮಾತ್ರಕ್ಕೆ ಮಾಲೀಕರು ಬೇಕಾದವರನ್ನೆಲ್ಲ ಕೊಂಡುಕೊಳ್ಳಲಾಗದು, ಒಟ್ಟು ಸಂಬಳಕ್ಕೆ ಮಿತಿಯಿದೆ. ದೊಡ್ಡ ಆಟಗಾರರು ಬಹುಪಾಲು ಬರುವುದು ಡ್ರಾಫ್ಟ್‌ನಿಂದ. ಪ್ಲೇಆಫ್ ತಲುಪದ 14 ತಂಡಗಳ ನಡುವೆ ಮೊದಲ ಆಯ್ಕೆಗಳಿಗಾಗಿ ಲಾಟರಿ ನಡೆಯುತ್ತದೆ. 2019ರಿಂದ ತೀರಾ ಕೆಳಗಿನ ಮೂರು ತಂಡಗಳಿಗೆ ಮೊದಲ ಆಯ್ಕೆ ಸಿಗುವ ಸಾಧ್ಯತೆ ತಲಾ ಶೇ 14. ಹನ್ನೊಂದು, ಹನ್ನೆರಡರ ಸಾಲಿನಲ್ಲಿ ನಿಂತವರಿಗೆ ಅದು ಶೇ 2 ಅಥವಾ ಅದಕ್ಕಿಂತ ಕಡಿಮೆ. 2025ರಲ್ಲಿ ಶೇ 1.8ರ ಅವಕಾಶವಿದ್ದ ಡಲ್ಲಾಸ್‌ಗೆ ಮೊದಲ ಆಯ್ಕೆಯಾಗಿ ಕೂಪರ್ ಫ್ಲ್ಯಾಗ್ ಸಿಕ್ಕಿದ್ದು ನಿಜ. 2008ರಲ್ಲಿ ಶೇ 1.7ರ ಅವಕಾಶದಲ್ಲಿ ಬುಲ್ಸ್‌ಗೇ ಡೆರಿಕ್ ರೋಸ್ ಒಲಿದಿದ್ದೂ ನಿಜ. ಅಂಥ ಅದೃಷ್ಟ ಒಲಿದರೆ ಸಂತೋಷಪಡೋಣ, ಆದರೆ ಅದನ್ನೇ ನೆಚ್ಚಿಕೊಂಡು ಕೂರುವುದು ತಂಡ ನಡೆಸುವವರಿಗೆ ಒಪ್ಪುವ ಕೆಲಸವಲ್ಲ.

ಇಂದಿನ ಸ್ಥಿತಿಯ ಬೇರು 2021ರ ಮಾರ್ಚ್‌ನಲ್ಲಿದೆ. ತಂಡದ ತಾರೆ ಜಿಮ್ಮಿ ಬಟ್ಲರ್ ಅವರನ್ನು 2017ರಲ್ಲಿ ಬಿಟ್ಟುಕೊಟ್ಟ ಮೇಲೆ ಬುಲ್ಸ್ ಹೊಸದಾಗಿ ತಂಡ ಕಟ್ಟಲು ಹೊರಟಿತ್ತು. ಒಂದು ಸೀಸನ್‌ನಲ್ಲಿ 27 ಗೆಲುವು, ಮರು ಸೀಸನ್‌ನಲ್ಲಿ 22. ಅಭಿಮಾನಿಗಳು ಹಲ್ಲು ಕಚ್ಚಿ ಸಹಿಸಿಕೊಂಡರು. ಆದರೆ ಕೆಲಸ ಅರ್ಧದಲ್ಲಿರುವಾಗಲೇ ಆಡಳಿತಕ್ಕೆ ಅವಸರ ಹತ್ತಿತು. ನಿಕೋಲಾ ವುಚೆವಿಚ್ ಅವರನ್ನು ತರಲು ಯುವ ಆಟಗಾರ ವೆಂಡೆಲ್ ಕಾರ್ಟರ್ ಜೂನಿಯರ್ ಜೊತೆಗೆ ಮೊದಲ ಸುತ್ತಿನ ಎರಡು ಡ್ರಾಫ್ಟ್ ಹಕ್ಕುಗಳನ್ನು, ಅಂದರೆ ಮುಂದಿನ ಡ್ರಾಫ್ಟ್‌ಗಳಲ್ಲಿ ಆಟಗಾರನನ್ನು ಆರಿಸುವ ತಮ್ಮ ಸರದಿಯನ್ನು, ಒರ್ಲಾಂಡೊಗೆ ಕೊಟ್ಟರು. ಬಿತ್ತನೆಗಿಟ್ಟ ಭತ್ತವನ್ನೇ ಕುಟ್ಟಿ ಉಂಡಂತಾಯಿತು. ಅಷ್ಟು ಮಾಡಿಯೂ ಆ ವರ್ಷ ತಂಡ 31-41ರಲ್ಲಿ ಮುಗಿಸಿತು, ಪ್ಲೇ ಇನ್ ಕೂಡ ಮುಟ್ಟಲಿಲ್ಲ. ಕೊಟ್ಟ ಹಕ್ಕುಗಳಲ್ಲಿ ಮೊದಲನೆಯದು ಎಂಟನೇ ಆಯ್ಕೆಯಾಗಿ ಬಂತು. ಅದರಲ್ಲಿ ಒರ್ಲಾಂಡೊ ಆರಿಸಿಕೊಂಡದ್ದು ಫ್ರಾಂಜ್ ವಾಗ್ನರ್ ಅವರನ್ನು. ಆ ತಂಡವನ್ನು ಇವತ್ತು ಹೊತ್ತು ನಡೆಸುತ್ತಿರುವವರಲ್ಲಿ ಅವರೊಬ್ಬರು.

ಹಾಗೆ ಕಟ್ಟಿದ ಬುಲ್ಸ್ ತಂಡಕ್ಕೂ ಒಳ್ಳೆಯ ದಿನಗಳಿದ್ದವು. ಡೆಮಾರ್ ಡಿರೋಜನ್, ಲಾಂಜೊ ಬಾಲ್, ಅಲೆಕ್ಸ್ ಕರುಸೊ ಬಂದ 2021-22ರಲ್ಲಿ 46 ಪಂದ್ಯ ಗೆದ್ದರು. ಬಾಲ್ ಅವರ ಮಂಡಿ ಜನವರಿಯಲ್ಲಿ ಕೈಕೊಡದಿದ್ದರೆ ಏನಾಗುತ್ತಿತ್ತೋ! ಅದು ಯಾರ ತಪ್ಪೂ ಅಲ್ಲ. ಅವರು ಮುಂದಿನ ಎರಡು ಸೀಸನ್‌ಗಳಲ್ಲಿ ಒಂದು ಪಂದ್ಯವನ್ನೂ ಆಡಲಾಗಲಿಲ್ಲ ಎಂಬುದು ಎದುರಿಗಿದ್ದರೂ, ಏನೂ ಆಗಿಲ್ಲವೆಂಬಂತೆ ಅದೇ ತಂಡವನ್ನು ಮುಂದುವರಿಸಿದ್ದು ಮಾತ್ರ ಆಡಳಿತದ ತಪ್ಪು.

ಪ್ಲೇಆಫ್ ಬೆನ್ನಟ್ಟುವುದರಲ್ಲಿರುವ ಸುಖ ನನಗೆ ಗೊತ್ತಿಲ್ಲವೆಂದಲ್ಲ. 2023ರ ಏಪ್ರಿಲ್‌ನಲ್ಲಿ ಟೊರಾಂಟೊದಲ್ಲಿ ನಡೆದ ಪ್ಲೇ ಇನ್ ಪಂದ್ಯವನ್ನು ಯಾವ ಅಭಿಮಾನಿ ಮರೆತಾನು? 19 ಪಾಯಿಂಟ್ ಹಿಂದೆ ಬಿದ್ದಿದ್ದ ಬುಲ್ಸ್ 109-105ರಲ್ಲಿ ಗೆದ್ದಿತು. ಜ್ಯಾಕ್ ಲವೀನ್ 39 ಪಾಯಿಂಟ್ ಹೊಡೆದರು. ಆತಿಥೇಯ ಆಟಗಾರರು ಫ್ರೀ ಥ್ರೋಗೆ ನಿಂತಾಗಲೆಲ್ಲ ಡಿರೋಜನ್ ಅವರ ಪುಟ್ಟ ಮಗಳು ಗ್ಯಾಲರಿಯಿಂದ ಕಿರುಚುತ್ತಿದ್ದಳು. ಟೊರಾಂಟೊ 36ರಲ್ಲಿ 18 ಫ್ರೀ ಥ್ರೋ ತಪ್ಪಿಸಿತು! ಎರಡು ದಿನ ಕಳೆದು ಮಯಾಮಿಯಲ್ಲಿ ಪಂದ್ಯ. ಮಗಳಿಗೆ ಶಾಲೆಯಿತ್ತು, ಬರಲಿಲ್ಲ. ಕೊನೆಯ ಕ್ವಾರ್ಟರ್‌ನಲ್ಲಿ ಬುಲ್ಸ್ ಮುಂದಿತ್ತು. ಆಮೇಲೆ ಕೈ ಸೋತು 102-91ರಲ್ಲಿ ಬಿತ್ತು. ಮಯಾಮಿ ಪರ 31 ಪಾಯಿಂಟ್ ಹೊಡೆದವರಲ್ಲಿ ಒಬ್ಬರು ಜಿಮ್ಮಿ ಬಟ್ಲರ್. ಬುಲ್ಸ್ ಕೈಬಿಟ್ಟ ಅದೇ ಬಟ್ಲರ್. ಮಯಾಮಿ ಅಲ್ಲಿಂದ ಎದ್ದು ಎಂಟನೇ ಶ್ರೇಯಾಂಕದ ತಂಡವಾಗಿ ಫೈನಲ್‌ವರೆಗೆ ಹೋಯಿತು.

ಲೇಖಕರ ವಾದಕ್ಕೆ ಬಲ ಕೊಡುವ ಉದಾಹರಣೆ ಇದೇ: ಒಳಗೆ ಕಾಲಿಟ್ಟರೆ ಏನು ಬೇಕಾದರೂ ಆಗಬಹುದು. ಆದರೆ ಮಯಾಮಿಯ ಬಳಿ ಬಟ್ಲರ್ ಇದ್ದರು, ಬ್ಯಾಮ್ ಅಡೆಬಾಯೊ ಇದ್ದರು, ಮೂರು ವರ್ಷದ ಹಿಂದಷ್ಟೇ ಫೈನಲ್ ಆಡಿದ ಅನುಭವವಿತ್ತು. ನಿಂತದ್ದು ಎಂಟನೇ ಸ್ಥಾನದಲ್ಲಾದರೂ ಅದು ಎಂಟನೇ ದರ್ಜೆಯ ತಂಡವಾಗಿರಲಿಲ್ಲ. ಬುಲ್ಸ್ ಬಳಿ ಅಂಥವರು ಇಲ್ಲ, ಒಂಬತ್ತನೇ ಸ್ಥಾನದಲ್ಲಿ ನಿಂತು ಅಂಥವರನ್ನು ಸಂಪಾದಿಸುವ ದಾರಿಯೂ ಕಾಣುತ್ತಿಲ್ಲ. 2025ರ ಮಾರ್ಚ್‌ನಲ್ಲಿ ಲೇಕರ್ಸ್ ವಿರುದ್ಧ ಜಾಶ್ ಗಿಡ್ಡಿ ಅರ್ಧ ಕೋರ್ಟ್‌ನಿಂದ ಎಸೆದ ಚೆಂಡು ಆಟ ಮುಗಿಯುವ ಗಂಟೆಯ ಸದ್ದಿನ ಜೊತೆಗೇ ಬಲೆಯೊಳಗೆ ಬಿದ್ದಾಗ ನಾನೂ ಕುಣಿದಿದ್ದೇನೆ. ಆ ಸೀಸನ್‌ನ ಕೊನೆಯ 20 ಪಂದ್ಯಗಳಲ್ಲಿ 15 ಗೆದ್ದರು. ಅದಾದ ಮೇಲೆ ತವರಿನಲ್ಲೇ ನಡೆದ ಪ್ಲೇ ಇನ್‌ನಲ್ಲಿ, ಕೇವಲ 37 ಪಂದ್ಯ ಗೆದ್ದು ಬಂದಿದ್ದ ಮಯಾಮಿಯ ಎದುರು 109-90ರ ಸೋಲು. ನಮ್ಮಲ್ಲಿ ಬೆಳಗಿನ ಜಾವ. ಅರ್ಧ ಆಟಕ್ಕೇ ಫಲಿತಾಂಶ ತಿಳಿದುಹೋಗಿತ್ತು.

ತಂಡವನ್ನು ಹೊಸದಾಗಿ ಕಟ್ಟುವುದೆಂದರೆ ಬೇಕೆಂದೇ ಸೋಲುವುದು ಎಂದು ಲೇಖಕರು ಭಾವಿಸಿದಂತಿದೆ. ನಾನು ಅದನ್ನು ಕೇಳುತ್ತಿಲ್ಲ. ಫಿಲಡೆಲ್ಫಿಯಾ ಆ ಹಾದಿ ಹಿಡಿದು 2015-16ರಲ್ಲಿ 82ರಲ್ಲಿ ಹತ್ತೇ ಪಂದ್ಯ ಗೆದ್ದಿತು. ಜೋಯಲ್ ಎಂಬೀಡ್ ಸಿಕ್ಕರೂ ಇಂದಿಗೂ ಪ್ಲೇಆಫ್‌ನ ಎರಡನೇ ಸುತ್ತು ದಾಟಿಲ್ಲ. ಸ್ಯಾಕ್ರಮೆಂಟೊ ಹದಿನಾರು ವರ್ಷ ಪ್ಲೇಆಫ್ ಕಾಣದೆ ಸೋತಿತು, ಸೋಲಿನಿಂದ ಏನೂ ಕಟ್ಟಲಿಲ್ಲ. ಬುಲ್ಸ್ ಕೂಡ ಜೋರ್ಡನ್ ಹೋದ ಮೇಲೆ ಆರು ವರ್ಷ ಅದೇ ನರಕ ಕಂಡಿದೆ. 2000-01ರಲ್ಲಿ 15 ಗೆಲುವು, 67 ಸೋಲು. ಆ ಕಾಲದ ಭಯ ಶಿಕಾಗೊದವರ ಮನಸ್ಸಿನಲ್ಲಿ ಇನ್ನೂ ಕುಳಿತಿದೆ ಎಂದೇ ನನ್ನ ಅನಿಸಿಕೆ. ಆಡಳಿತ ಮಂಡಳಿ ಅದರ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದೆ. ತವರಿನ ಕ್ರೀಡಾಂಗಣ ಯುನೈಟೆಡ್ ಸೆಂಟರ್ ಹೇಗೂ ತುಂಬುತ್ತದೆ. ಇಪ್ಪತ್ತು ಸಾವಿರ ಜನ ಟಿಕೆಟ್ ಕೊಂಡು ಬರುವಾಗ ಮಾಲೀಕರಿಗೆ ಯಾವ ಅವಸರ?

ನಾನು ಕೇಳುವುದು ಇಂಡಿಯಾನಾ ಮಾಡಿದ್ದನ್ನು. ಶಿಕಾಗೊದಿಂದ ಕಾರಿನಲ್ಲಿ ಮೂರು ಗಂಟೆಯ ದಾರಿ. ಅವರೂ ಬುಲ್ಸ್‌ನಂತೆಯೇ ನಡುಮಟ್ಟದಲ್ಲಿ ಸಿಕ್ಕಿಕೊಂಡಿದ್ದರು. 2022ರ ಫೆಬ್ರವರಿಯಲ್ಲಿ ತಮ್ಮ ಅತ್ಯುತ್ತಮ ಆಟಗಾರ ಡೊಮಾಂಟಾಸ್ ಸಬೊನಿಸ್ ಅವರನ್ನು, ಅವರಿಗೆ ಒಳ್ಳೆಯ ಬೆಲೆಯಿದ್ದಾಗಲೇ ಕೊಟ್ಟು, 21 ವರ್ಷದ ಟೈರೀಸ್ ಹ್ಯಾಲಿಬರ್ಟನ್ ಅವರನ್ನು ತಂದರು. ಆ ವರ್ಷ 25 ಗೆಲುವು, ಮರುವರ್ಷ 35, ಅದರ ಮರುವರ್ಷ 47. 2025ರ ಜೂನ್‌ನಲ್ಲಿ ಫೈನಲ್‌ನ ಏಳನೇ ಪಂದ್ಯ ಆಡಿದರು. ಹ್ಯಾಲಿಬರ್ಟನ್ 2020ರ ಡ್ರಾಫ್ಟ್‌ನಲ್ಲಿ ಹನ್ನೆರಡನೆಯವರಾಗಿ ಆಯ್ಕೆಯಾದವರು. ಅದೇ ಡ್ರಾಫ್ಟ್‌ನಲ್ಲಿ ಬುಲ್ಸ್ ನಾಲ್ಕನೇ ಆಯ್ಕೆಯಾಗಿ ಪ್ಯಾಟ್ರಿಕ್ ವಿಲಿಯಮ್ಸ್ ಅವರನ್ನು ತೆಗೆದುಕೊಂಡಿತ್ತು. ಹಾಗಾಗಿ ಹನ್ನೆರಡನೇ ಸ್ಥಾನದಲ್ಲೂ ರತ್ನ ಸಿಗುವುದಿಲ್ಲವೆಂದು ನಾನು ಹೇಳಲಾರೆ. ಆದರೆ ಎಲ್ಲರ ಕಣ್ಣೂ ತಪ್ಪುತ್ತದೆ. ತಪ್ಪಿದರೂ ಮತ್ತೆ ಆರಿಸಲು ಕೈಯಲ್ಲಿ ಇನ್ನಷ್ಟು ಹಕ್ಕುಗಳಿರಬೇಕು. ಬುಲ್ಸ್ ಸೋತದ್ದು ಇಲ್ಲೇ.

ಇಂಡಿಯಾನಾವನ್ನು ಆ ಏಳನೇ ಪಂದ್ಯದಲ್ಲಿ ಸೋಲಿಸಿದ ಒಕ್ಲಹೋಮಾ ಸಿಟಿಯನ್ನೇ ನೋಡಿ. 2019ರಲ್ಲಿ ಪಾಲ್ ಜಾರ್ಜ್ ಅವರನ್ನು ಬಿಟ್ಟುಕೊಟ್ಟು ಶೇ ಗಿಲ್ಜಸ್ ಅಲೆಕ್ಸಾಂಡರ್ ಜೊತೆಗೆ ಮೊದಲ ಸುತ್ತಿನ ಐದು ಹಕ್ಕುಗಳನ್ನು ಪಡೆದರು. ಆ ಹಕ್ಕುಗಳಲ್ಲೊಂದು ಜೇಲೆನ್ ವಿಲಿಯಮ್ಸ್ ಆಯಿತು. ಎರಡು ಸೀಸನ್ ಹೀನಾಯವಾಗಿ ಸೋತರು, ಆಮೇಲೆ 40, 57, 68 ಗೆಲುವು ಮತ್ತು ಚಾಂಪಿಯನ್ ಪಟ್ಟ. ಅವರಿಗೆ ಕೊನೆಯದಾಗಿ ಬೇಕಿದ್ದ ಅನುಭವಿ ರಕ್ಷಣಾ ಆಟಗಾರನನ್ನು ಕೊಟ್ಟದ್ದು ಯಾರು? ಬುಲ್ಸ್! 2024ರ ಜೂನ್‌ನಲ್ಲಿ ಕರುಸೊ ಅವರನ್ನು ಕೊಟ್ಟು ಗಿಡ್ಡಿಯನ್ನು ತೆಗೆದುಕೊಂಡರು. ಗಿಡ್ಡಿ ಒಳ್ಳೆಯ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಕ್ಕುಗಳನ್ನು ಗುಡ್ಡೆ ಹಾಕಿಕೊಂಡು ಕೂತಿದ್ದ ತಂಡದಿಂದ ಒಂದೇ ಒಂದು ಡ್ರಾಫ್ಟ್ ಹಕ್ಕನ್ನೂ ಕೇಳಿ ಪಡೆಯಲಿಲ್ಲ. ಡೆನ್ವರ್ ವಿರುದ್ಧದ ನಿರ್ಣಾಯಕ ಏಳನೇ ಪಂದ್ಯದಲ್ಲಿ ತನಗಿಂತ ಅರ್ಧ ಅಡಿ ಎತ್ತರದ ನಿಕೋಲಾ ಯೋಕಿಚ್ ಅವರ ಎದೆಗೆ ಎದೆ ಕೊಟ್ಟು ನಿಂತ ಕರುಸೊ ಅವರನ್ನು ಕಂಡಾಗ ಬುಲ್ಸ್ ಅಭಿಮಾನಿಗಳಿಗೆ ಹೊಟ್ಟೆಯೊಳಗೆ ಕಿಚ್ಚಿಟ್ಟಂತಾಗಿತ್ತು.

ಈಗಲೂ ಕಾಲ ಮಿಂಚಿಲ್ಲ. ಬುಲ್ಸ್‌ನ ಮಟಾಸ್ ಬುಜೆಲಿಸ್ ಶಿಕಾಗೊ ಹೊರವಲಯದಲ್ಲೇ ಬೆಳೆದ ಹುಡುಗ, ರಿಂಗ್‌ನತ್ತ ಹೆದರದೆ ನುಗ್ಗುತ್ತಾನೆ. ಫ್ರಾನ್ಸ್‌ನ ನೋವಾ ಎಸೆಂಗೆಗೆ ಹದಿನೆಂಟು ವರ್ಷ. ಇವರು ಸೋಲುತ್ತ ಕಲಿಯಲಿ, ಕೊನೆಯ ಐದು ನಿಮಿಷ ಇವರ ಕೈಗೇ ಚೆಂಡು ಸಿಗಲಿ. ಅತ್ತ ಕೋಬಿ ವೈಟ್, ವುಚೆವಿಚ್ ಇಬ್ಬರ ಒಪ್ಪಂದಗಳೂ 2026ರ ಬೇಸಿಗೆಯಲ್ಲಿ ಮುಗಿಯುತ್ತವೆ. ವೈಟ್ ಕಳೆದ ಸೀಸನ್‌ನಲ್ಲಿ ಪಂದ್ಯಕ್ಕೆ 20 ಪಾಯಿಂಟ್ ಹೊಡೆದವರು, ನನ್ನ ಮೆಚ್ಚಿನ ಆಟಗಾರ. ಅವರನ್ನು ಕಳುಹಿಸಿ ಎಂದು ಬರೆಯಲು ನನಗೆ ನೋವಾಗುತ್ತದೆ. ಅವರ ಜೊತೆ ದೀರ್ಘ ಒಪ್ಪಂದವಾಗುವುದಾದರೆ ಆಗಲಿ. ಆಗದಿದ್ದರೆ ಫೆಬ್ರವರಿಯ ವಿನಿಮಯ ಗಡುವಿನೊಳಗೆ ಮೊದಲ ಸುತ್ತಿನ ಹಕ್ಕು ಕೊಡುವ ತಂಡಕ್ಕೆ ಅವರನ್ನು ಕಳುಹಿಸಬೇಕು. ಮೂವತ್ತೈದು ಮುಟ್ಟುತ್ತಿರುವ ವುಚೆವಿಚ್ ವಿಷಯದಲ್ಲಂತೂ ಯೋಚಿಸುವುದೇ ಬೇಡ. ಜನವರಿಯಲ್ಲಿ ತಂಡ ಎಂಟನೇ ಸ್ಥಾನದಲ್ಲಿದೆ ಎಂಬ ಕಾರಣಕ್ಕೆ ಇಬ್ಬರನ್ನೂ ಉಳಿಸಿಕೊಂಡು ಜುಲೈನಲ್ಲಿ ಬರಿಗೈಯಲ್ಲಿ ನಿಲ್ಲಬಾರದು.

ಆ ಗಡುವು ಹತ್ತಿರ ಬಂದಾಗ ತಮ್ಮ ಕ್ರೀಡಾ ಪುಟ ಅಂಕಪಟ್ಟಿಯ ಜೊತೆಗೆ ಪ್ರತಿ ತಂಡದ ಕೈಯಲ್ಲಿ ಎಷ್ಟು ಡ್ರಾಫ್ಟ್ ಹಕ್ಕುಗಳಿವೆ ಎಂಬ ಪಟ್ಟಿಯನ್ನೂ ಪ್ರಕಟಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಬ್ಯಾಸ್ಕೆಟ್‌ಬಾಲ್ ಅಭಿಮಾನಿ
ಮೈಸೂರು